ಎತ್ತರದ ಗಾಡಿಯೂ ಹುರುಳಿ ಒಕ್ಕಣೆಯೂ

ನನ್ನ ಎತ್ತರ ಐದು ಅಡಿ ಒಂದು ಇಂಚು. ಆ ಒಂದು ಇಂಚು ಕ್ರಾಪಿನದು. ಆದರೂ ಹೊಳೆನರಸೀಪುರದ ಈ ಹೈಸ್ಕೂಲು ಮೇಷ್ಟ್ರು ಹಾಸನಕ್ಕೆ ಹೋಗಿ, ಬೆಟ್ಟಗುಡ್ಡ ಹತ್ತುವವರಿಗೆಂದೇ ಮಾಡಿದ ಮೋಟಾರ್ ಸೈಕಲ್ ತಂದರು! ಸೀಟಿನ ಮೇಲೆ ಕೂತರೆ ಪಾದಕ್ಕೂ ನೆಲಕ್ಕೂ ಗೇಣುದ್ದದ ಅಂತರ.

"ಕಾಲೇ ಎಟುಕಲ್ವಲ್ರೀ!" ಎಂದಳು ಹೆಂಡತಿ ಜಯಂತಿ.

"ಗಾಡಿ ಇರೋದು ಓಡೋದಕ್ಕೆ ಕಣೆ, ನಿಲ್ಲೋದಕ್ಕಲ್ಲ!"

ಈ ಸಿದ್ಧಾಂತ ಒಂದು ತಿಂಗಳು ನಡೆಯಿತು. ಮನೆಯಲ್ಲಿ ಜಗಲಿ, ಸ್ಕೂಲಿನಲ್ಲಿ ಮೆಟ್ಟಿಲು, ಪೆಟ್ರೋಲ್ ಬಂಕಿನಲ್ಲಿ ಪಂಪಿನ ಕಟ್ಟೆ. ಕಾಲಿಡಲು ಎತ್ತರದ ಆಸರೆ ಇದ್ದಲ್ಲಿ ಮಾತ್ರ ನಿಲ್ಲಿಸುತ್ತಿದ್ದೆ. ತರಕಾರಿ ಅಂಗಡಿಯ ಮುಂದೆ ಕಟ್ಟೆ ಇಲ್ಲ. ಹಾಗಾಗಿ ಆ ತಿಂಗಳು ನಮ್ಮ ಮನೆಯಲ್ಲಿ ತರಕಾರಿಯೂ ಇಲ್ಲ!

ದಿನಾ ಬೇಳೆಸಾರು ಉಂಡು ಜಯಂತಿಗೆ ರೋಸಿಹೋಯಿತು. "ನಾಳೆ ಅರಕಲಗೂಡಿಗೆ, ನಮ್ಮಮ್ಮನ ಮನೆಗೆ ಕರ್ಕೊಂಡ್ಹೋಗಿ. ಬೀಳದೆ ಹೋದ್ರೆ ಗಾಡಿ ಇರ್ಲಿ. ಬಿದ್ರೋ, ಮಾರಿ ಸ್ಕೂಟಿ ತರ್ಬೇಕು. ಆಯ್ತಾ?"

ಆಯ್ತು ಎಂದೆ. ಗಂಡಸಿನ ಮರ್ಯಾದೆಯ ಪ್ರಶ್ನೆ!

ಮರುದಿನ ಅರ್ಧ ದಾರಿ ಸೊಗಸಾಗಿ ಸಾಗಿತು. ಆಮೇಲೆ ಒಂದು ಹಳ್ಳಿಯ ಪಕ್ಕ ರಸ್ತೆಯ ತುಂಬ ಹುರುಳಿ ಗಿಡ ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಹೋಗಿಬರುವ ವಾಹನಗಳೇ ತುಳಿದು ಕಾಳು ಉದುರಿಸಿ ಒಕ್ಕಣೆ ಮಾಡಬೇಕು. ಚಕ್ರ ಅತ್ತ ಜಾರಿತು, ಇತ್ತ ಜಾರಿತು. ನಾನು ನಡಿಗೆಯ ವೇಗಕ್ಕೆ ಇಳಿಸಿದೆ. "ಅಯ್ಯಯ್ಯೋ!" ಎಂದು ಜಯಂತಿ ಹಿಂದಿನಿಂದ ಧುಮುಕಿಯೇಬಿಟ್ಟಳು.

ಈಗ ಅವಳನ್ನು ಹತ್ತಿಸಿಕೊಳ್ಳಲು ನಾನು ನಿಲ್ಲಬೇಕು. ನಿಲ್ಲಲು ಒಂದು ಕಲ್ಲು ಬೇಕು. ಕಣ್ಣು ಹಾಯಿಸಿದಷ್ಟು ದೂರವೂ ಕಲ್ಲಿಲ್ಲ! ತಿರುಗಿಸಿಕೊಂಡು ಹಿಂದಕ್ಕೆ ಬಂದೆ. ಅಲ್ಲೂ ಇಲ್ಲ. ಮತ್ತೆ ಮುಂದಕ್ಕೆ ಹೋದೆ.

ಕವೆಗೋಲು ಹಿಡಿದು ಗಿಡ ತಿರುವುತ್ತಿದ್ದ ಅಜ್ಜಿಯ ಮುಖ ಅರಳಿತು. "ಯಾವ ತಾಯಿ ಎತ್ತ ಮಗನೋ! ಕಾರ್ನೋರೆಲ್ಲ ಪಕ್ಕದಾಗೇ ತಪ್ಪಿಸ್ಕೊಂಡ್ ಓಯ್ತಾರೆ. ಇವ್ರು ನಮ್ಗೋಸ್ಕರ ತಿರುಗ್ ತಿರುಗಿ ತುಳಿಸ್ತಾವ್ರೆ!"

ಕಾಲು ಎಟುಕುವುದಿಲ್ಲ ಅಜ್ಜಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಪರೋಪಕಾರಿಯ ನಗೆ ನಕ್ಕೆ.

"ಈ ಅಂಚ್ನಾಗೆ ಇನ್ನೊಂದ್ ಸುತ್ತು ಬನ್ನಿ ಸಾ! ಇಲ್ಲಿನ್ನೂ ಕಾಳು ಉದುರಿಲ್ಲ!" ಎಂದು ಅಜ್ಜಿ ಕೋಲು ಬೀಸಿ ದಾರಿ ತೋರಿಸತೊಡಗಿದಳು.

ಐದು ಸುತ್ತಾಯಿತು. ಜಯಂತಿ ರಸ್ತೆ ಬದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ರೀ, ನಿಲ್ಸಿ! ನಮ್ಮಮ್ಮ ಕಾಯ್ತಿರ್ತಾಳೆ!"

"ನಿಲ್ಸೋ ಹಾಗಿದ್ರೆ ನಿಲ್ಸಲ್ವೇನೆ!" ಎಂದು ಅವಳ ಕಡೆ ಕತ್ತು ತಿರುಗಿಸಿದೆ. ಅಷ್ಟೇ. ಹುರುಳಿಯಲ್ಲಿ ಚಕ್ರ ಸರ್ರನೆ ಜಾರಿತು. ಬಲಗಾಲು ಚಾಚಿದೆ. ನೆಲ ಸಿಗಲಿಲ್ಲ. ಕೊನೆಗೆ ನೆಲ ಸಿಕ್ಕಿದ್ದು ಬೆನ್ನಿಗೆ! ಇಳಿಜಾರು ರಸ್ತೆಯಲ್ಲಿ ಹುರುಳಿಯ ಮೇಲೆ ನಾಲ್ಕು ಸಲ ಉರುಳಿ, ಗಿಡದ ರಾಶಿಗೆ ತಲೆ ತೂರಿಸಿ ನಿಂತೆ.

ಜಯಂತಿ ಓಡಿಬಂದಳು. ಗಾಯವಿಲ್ಲ ಎಂದು ಗೊತ್ತಾದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಂಗೈ ಚಾಚಿದಳು. ನನ್ನನ್ನು ಎಬ್ಬಿಸಲು ಎಂದುಕೊಂಡೆ. ಅಲ್ಲ, ಗಾಡಿಯ ಕೀ ಕೊಡಿ ಎಂದು! ಕೊಟ್ಟೆ.

ಅಜ್ಜಿ ನಾನು ಉರುಳಿದ ಜಾಗವನ್ನೇ ಬಗ್ಗಿ ನೋಡುತ್ತಿದ್ದಳು. "ನಾಳೆ ಇನ್ನೊಂದ್ ಒಲದ್ದು ಆಕ್ತೀವಿ ಸಾ. ಬತ್ತೀರಾ?"

"ಇಲ್ಲ ಅಜ್ಜಿ. ಗಾಡಿ ಮಾರ್ತಾ ಇದೀವಿ."

"ಗಾಡಿ ಓದ್ರೆ ಓಗ್ಲಿ ಬುಡಿ, ನೀವೊಬ್ರೇ ಬನ್ನಿ! ಗಾಡಿ ಓಡಾಡಿದ್ ಕಡೆಗಿಂತ ನೀವ್ ಉಳ್ಳಾಡಿದ್ ಕಡೇನೇ ಕಾಳು ಚೆಂದಾಗಿ ಉದುರೈತೆ!"