ಟವೆಲ್ ಬಂದಂಗೇ

ಜನರನ್ನು ಒಂದು ಕಡೆ ಕೂರಿಸಿ, ಊರಿನ ಕೆಲಸ ಏನಾಗಬೇಕು ನೀವೇ ತೀರ್ಮಾನಿಸಿ ಅನ್ನೋದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾದ ನನ್ನ ಕೆಲಸ. ಕೂರಿಸೋದರಲ್ಲೇ ನನ್ನ ಅರ್ಧ ಸರ್ವಿಸ್ ಸವೆದಿದೆ. ಒಂದೊಂದು ಗ್ರಾಮಸಭೆಗೂ ಒಂದೊಂದು ಕಥೆ.

ಆಗಿಹೋದ ಸಭೆ

ಗುಬ್ಬಿ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನನ್ನ ಮೊದಲ ಸಭೆ. ತುಮಕೂರಿನ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಎರಡು ದಿನ ಭಾಷಣ ಕಲಿತಿದ್ದೆ. ಹೋದರೆ ಆಫೀಸಿನಲ್ಲಿ ಬಿಲ್ ಕಲೆಕ್ಟರ್ ಒಬ್ಬರೇ.

"ಸಭೆ ಎಷ್ಟೊತ್ತಿಗೆ?" ಅಂದೆ.

"ಆಗೋಯ್ತಲ್ಲ ಮೇಡಂ. ನಿನ್ನೇನೇ ಮನೆಮನೆಗೋಗಿ ಸೈನ್ ಹಾಕಿಸ್ಕೊಂಡ್ ಬಂದಿದೀನಿ."

ನಡಾವಳಿ ಪುಸ್ತಕ ತೆರೆದೆ. ನನ್ನ ಭಾಷಣವನ್ನು ಜನ ಚಪ್ಪಾಳೆ ತಟ್ಟಿ ಮೆಚ್ಚಿಕೊಂಡಿದ್ದರು.

ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿದು, ಸಭೆ ಮತ್ತೆ ಕರೆದೆ. ಹನ್ನೊಂದು ಜನ ಬಂದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಅರವತ್ತು ಕುರ್ಚಿ

ಆಮೇಲೆ ಕುಣಿಗಲ್ ತಾಲ್ಲೂಕಿಗೆ ವರ್ಗವಾಯಿತು. ಅಲ್ಲೊಂದು ಬೀದಿಯಲ್ಲಿ ಅಂಗನವಾಡಿ ಬಾಗಿಲಿಗೇ ಕೊಳಚೆ ನೀರು. ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ದಾಟಿಸಬೇಕು. ಚರಂಡಿ ಬೇಕೆಂದರೆ ಗ್ರಾಮಸಭೆಯಲ್ಲಿ ಆ ಬೀದಿಯವರು ಎದ್ದು ಕೇಳಿ, ಅದು ವರ್ಷದ ಕ್ರಿಯಾಯೋಜನೆಗೆ ಸೇರಬೇಕು. ಈ ವರ್ಷ ಸೇರಿಸದೆ ಬಿಡೋದಿಲ್ಲ ಅಂತ ಹಟ ಹಿಡಿದೆ.

ಸಭೆಯ ದಿನ ಶಾಲೆ ಅಂಗಳದಲ್ಲಿ ಅರವತ್ತು ಕುರ್ಚಿ ಹಾಕಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅರವತ್ತರ ಮೇಲೂ ಟವೆಲ್ಲು, ಜನ ಮಾತ್ರ ಇಲ್ಲ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಟೀ ಕುಡಿಯೋಕೆ ಹೋಗ್ತಾರೆ. ಆ ಸೀಟನ್ನು ಬೇರೆಯವರು ಮುಟ್ಟೋ ಹಾಗಿಲ್ಲ. ಟೀ ಅಂಗಡಿಗೇ ಹೋಗಿ ಕರೆದೆ.

ಹಿರಿಯರೊಬ್ಬರು ಲೋಟ ಕೆಳಗಿಡದೆ ಅಂದರು: "ಟವೆಲ್ ಬಂದೈತಲ್ಲ ಮೇಡಂ, ನಾವ್ ಬಂದಂಗೇ. ನೀವ್ ಸುರು ಮಾಡ್ಕಳಿ."

ಹಾಲಿನ ಸಾಲು

ಸಭೆ ಮುಂದಕ್ಕೆ ಹೋಯಿತು. ಅವರು ಬರದಿದ್ದರೆ ನಾನೇ ಹೋಗ್ತೀನಿ ಅಂತ ಬೆಳಗ್ಗೆ ಆರಕ್ಕೆ ಹಾಲಿನ ಡೈರಿ ಮುಂದೆ ನಿಂತೆ. ಕ್ಯಾನ್ ಹಿಡಿದು ಸಾಲಲ್ಲಿದ್ದ ಹೆಂಗಸರು ಚರಂಡಿ ಎಲ್ಲಿಂದ ಬರಬೇಕು, ಎಷ್ಟು ಆಳ, ನೀರು ಎತ್ತ ಹರೀಬೇಕು ಎಲ್ಲ ಹೇಳಿದರು. ನಮ್ಮ ಇಂಜಿನಿಯರಿಗೂ ಅಷ್ಟು ಗೊತ್ತಿರಲಿಲ್ಲ.

"ಇದನ್ನೇ ಸಭೇಲಿ ಹೇಳ್ರಮ್ಮ" ಅಂದೆ. ಎಲ್ಲರೂ ಮುಂದೆ ನಿಂತಿದ್ದಾಕೆಯನ್ನು ನೋಡಿದರು. ಆಕೆಯೇ ಆ ಬೀದಿಯ ಪಂಚಾಯಿತಿ ಮೆಂಬರು.

"ಗೆದ್ದಿರೋದು ನಾನು ಮೇಡಂ, ಕುರ್ಚೀಲಿ ಕೂರೋದು ನಮ್ಮೆಜಮಾನ್ರು. ಪ್ರತಿ ಸಲ ನಮ್ ತೋಟದ್ ರಸ್ತೆ ಬರೆಸಿ ಬತ್ತಾರೆ. ನಾನು ಹಸ ಕರ್ದು ಬರೋ ಹೊತ್ಗೆ ಕೂತ್ಬುಟ್ಟಿರ್ತಾರೆ. ಕೂತೋರ್ನ ಏಳ್ಸಕಾಯ್ತದಾ?"

"ಬೇಗ ಬನ್ನಿ ಮತ್ತೆ."

"ಅದ್ನ ಹಸೂಗೆ ಹೇಳಿ ಮೇಡಂ" ಅಂದರು.

ಮೆಂಬರ್ ಕುರ್ಚಿ

ಮತ್ತೆ ಸಭೆ, ಸಂಜೆ ನಾಲ್ಕಕ್ಕೆ. ಡೈರಿ ಸಾಲಿನ ಹೆಂಗಸರೆಲ್ಲ ಬಂದು ಮುಂದೆ ಕೂತಿದ್ದರು. ವೇದಿಕೆಯಲ್ಲಿ ಆ ಮೆಂಬರ್ ಕುರ್ಚಿ ಮೇಲೆ ಕೆಂಪಂಚಿನ ಟವೆಲ್ ಒಂದು ಬಿದ್ದಿತ್ತು.

ಯಜಮಾನರು ಬಂದರು, ಟವೆಲ್ ನೋಡಿದರು, ನಿಂತರು. ಹಾಕಿದ ಟವೆಲ್ ಎತ್ತೋ ಹಾಗಿಲ್ಲವಲ್ಲ. ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಅದನ್ನೇ ದಿಟ್ಟಿಸುತ್ತಾ ಅರ್ಧ ಗಂಟೆ ಗೋಡೆಗೊರಗಿ ನಿಂತರು. ಅಷ್ಟರಲ್ಲಿ ಹೆಂಡತಿ ಹಸುವಿಗೆ ಮೇವಷ್ಟೇ ಹಾಕಿ ಬಂದು ಟವೆಲ್ ಎತ್ತಿ ಕೂತರು, ಮೈಕ್ ಹತ್ತಿರಕ್ಕೆ ಎಳೆದುಕೊಂಡರು.

"ನಮ್ ಬೀದಿಗೆ ಚರಂಡಿ ಬೇಕು. ಅಂಗನವಾಡಿಯಿಂದ ಕೆರೆ ಕಾಲುವೆವರ್ಗೂ. ತೋಟದ್ ರಸ್ತೆ ಆಮೇಲ್ ನೋಡನ."

ಹೆಂಗಸರೆಲ್ಲ ಕೈ ಎತ್ತಿದರು. ಗಂಡಸರೂ ಅತ್ತಿತ್ತ ನೋಡಿ ಎತ್ತಿದರು. ಕ್ರಿಯಾಯೋಜನೆಯಲ್ಲಿ ಚರಂಡಿ ಅಂತ ದಪ್ಪಕ್ಷರದಲ್ಲಿ ಬರೆದು, ಖುಷಿಗೆ ಕೆಳಗೆ ಎರಡು ಗೆರೆ ಎಳೆದೆ.

ಯಜಮಾನರು ಮೆಲ್ಲಗೆ ಕುರ್ಚಿ ಪಕ್ಕಕ್ಕೆ ಬಂದು, "ಲೇ, ಅದು ನನ್ ಟವೆಲ್ ಕಣೇ" ಅಂದರು.

ಮೈಕ್ ಇನ್ನೂ ಆನ್ ಆಗೇ ಇತ್ತು. ಆಕೆ ಟವೆಲ್ ಮಡಿಸಿ ಅವರ ಹೆಗಲಿಗೆ ಹಾಕಿದರು.

"ಹೂಂ ಕಣ್ರೀ. ನಿಮ್ ಟವೆಲ್ ಬಂದೈತೆ, ನೀವ್ ಬಂದಂಗೇ. ಮನೆಗೋಗಿ ಹಸ ಕರೀರಿ, ಹೊತ್ತಾಯ್ತು."