ಆ ಒಂದು ಶಬ್ದ ಬಿಟ್ಟು

ಗಂಭೀರವಾಗಿ ಇರಬೇಕಾದ ಹೊತ್ತಿಗೇ ಸರಿಯಾಗಿ ಏನಾದರೊಂದು ಎಡವಟ್ಟಾಗುವುದು ನಮ್ಮ ಮನೆಗೆ ಹೊಸದಲ್ಲ. ಆದರೆ ಹೋದ ವರ್ಷ ನನಗೆ ನಲವತ್ತೊಂಬತ್ತು ನಡೆಯುತ್ತಿದ್ದಾಗ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಹತ್ತಿತು ನೋಡಿ, ಅಲ್ಲಿಂದ ಆಪರೇಶನ್ ಆಗುವವರೆಗಿನ ಐದಾರು ವಾರದಲ್ಲಿ ಈ ಎಡವಟ್ಟುಗಳಿಗೆ ಲಗಾಮೇ ಇಲ್ಲದಂತಾಯಿತು.

ನಾನು ತೆಲುಗು ಸೀಮೆಯ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವಳು. ಇಪ್ಪತ್ತೆರಡು ವರ್ಷದಿಂದ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ಅವುಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ತಪ್ಪು ಸಿಕ್ಕರೆ ಕೆಂಪು ಚೀಟಿ ಅಂಟಿಸಿ, ಇಂಥದ್ದೇ ತಪ್ಪು ಎಂದು ದುಂಡಗೆ ಬರೆಯುತ್ತೇನೆ. ಅಂಥವಳಿಗೆ ತನ್ನ ಮೈಯಲ್ಲೇ ಸಿಕ್ಕ ತಪ್ಪಿನ ಹೆಸರು ಹೇಳಲು ಬಾಯಿ ಬರಲಿಲ್ಲ. ಕ್ಯಾನ್ಸರ್ ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಆ ಶಬ್ದ ಗಂಟಲು ದಾಟುತ್ತಿರಲಿಲ್ಲ. ನಮ್ಮ ಮನೆಯವರ ಮುಂದೆ 'ಅದು' ಎನ್ನುತ್ತಿದ್ದೆ. ಲಿಂಗಂಪಲ್ಲಿಯ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇರುವ ಅತ್ತೆಯ ಮುಂದೆ ಅಷ್ಟೂ ಇಲ್ಲ. ಅತ್ತೆಗೆ ಎಪ್ಪತ್ತೆಂಟು. "ಅವ್ವಗ ಹೇಳಬ್ಯಾಡ, ತಡಕೊಳ್ಳಂಗಿಲ್ಲ" ಎಂದರು ನಮ್ಮ ಮನೆಯವರು. ನಾನೂ ಹೂಂ ಎಂದೆ. ಖರೆ ಹೇಳಬೇಕೆಂದರೆ ತಡೆದುಕೊಳ್ಳಲು ಆಗದವಳು ನಾನೇ. ಅವರಿಗೆ ಹೇಳಬೇಕಾದರೆ ಆ ಶಬ್ದವನ್ನು ಬಾಯಿಬಿಟ್ಟು ಅನ್ನಬೇಕಿತ್ತು.

ಸ್ಟಿಕ್ಕರ್ ಎಲ್ಲಿ?

ಮೊದಲು ಮ್ಯಾಮೊಗ್ರಾಮ್. ಎದೆಯನ್ನು ಎರಡು ಫಲಕಗಳ ನಡುವೆ ಒತ್ತಿ ಚಿತ್ರ ತೆಗೆಯುವ ಯಂತ್ರ ಅದು. ತಣ್ಣಗಿನ ಕೋಣೆಯಲ್ಲಿ ನಾನು ಸೊಂಟದ ಮೇಲೆ ಬಟ್ಟೆಯಿಲ್ಲದೆ, ಯಂತ್ರದ ಹೆಗಲ ಮೇಲೆ ಒಂದು ಕೈ ಹಾಕಿ, ಹಳೆಯ ಗೆಳತಿಯ ಜೊತೆ ಫೋಟೋಕ್ಕೆ ನಿಂತವಳ ಹಾಗೆ ನಿಂತಿದ್ದೆ. ಹೆದರಿದಾಗ ನನ್ನ ಕಣ್ಣು ತನಗೆ ಗೊತ್ತಿರುವ ಕೆಲಸವನ್ನೇ ಹುಡುಕುತ್ತದೆ. ಯಂತ್ರದ ಮೈಯೆಲ್ಲ ನೋಡಿದೆ. ಕ್ಯಾಲಿಬ್ರೇಶನ್ ಸ್ಟಿಕ್ಕರ್ ಇರಲಿಲ್ಲ. ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ, ತಾರೀಖು ಹಾಕಿ ಅಂಟಿಸುವ ಚೀಟಿ ಅದು. ಅದಿಲ್ಲದೆ ನಮ್ಮಲ್ಲಿ ಒಂದು ಸ್ಕೇಲನ್ನೂ ಯಾರೂ ಮುಟ್ಟುವುದಿಲ್ಲ.

"ಈ ಮಷೀನಿನ ಕ್ಯಾಲಿಬ್ರೇಶನ್ ಯಾವಾಗ ಆಗಿದೆ?" ಎಂದು ತೆಲುಗಿನಲ್ಲಿ ಕೇಳಿದೆ. ಧ್ವನಿ ಕಾರ್ಖಾನೆಯದೇ ಬಂತು.

ಟೆಕ್ನೀಶಿಯನ್ ಹೆಣ್ಣುಮಗಳ ಮುಖ ಬಿಳಿಚಿತು. "ಒಂದು ನಿಮಿಷ ಮೇಡಂ" ಎಂದವಳೇ ನನ್ನನ್ನು ಯಂತ್ರ ತಬ್ಬಿಕೊಂಡ ಹಾಗೆಯೇ ಬಿಟ್ಟು ಓಡಿದಳು. ಬರುವಾಗ ಒಬ್ಬ ಹಿರಿಯ ಹೆಂಗಸನ್ನೂ ದಪ್ಪನೆಯ ಒಂದು ಫೈಲನ್ನೂ ಕರೆತಂದಳು. ಸ್ಟಿಕ್ಕರ್ ಯಂತ್ರದ ಬೆನ್ನಿಗಿತ್ತು, ಸರ್ಟಿಫಿಕೇಟು ಫೈಲಿನಲ್ಲಿತ್ತು. ನಾನು ಒಂದು ಕೈಯಲ್ಲಿ ಮೈ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಸರ್ಟಿಫಿಕೇಟು ಹಿಡಿದು ತಾರೀಖು, ಸಹಿ ಎಲ್ಲ ನೋಡಿ, "ಸರಿಯಿದೆ" ಎಂದು ವಾಪಸು ಕೊಟ್ಟೆ.

ಹಿರಿಯ ಹೆಂಗಸು ಕೈಮುಗಿದಳು. "ಇನ್‌ಸ್ಪೆಕ್ಷನ್ನಿಗೆ ಬಂದವರು ಅಂತ ಮೊದಲೇ ಹೇಳಬಾರದಾ ಮೇಡಂ? ನಿಮ್ಮ ಬಟ್ಟೆ ಬಿಚ್ಚಿಸುತ್ತಲೇ ಇರಲಿಲ್ಲ!"

ಗೆದ್ದದ್ದು ಯಾರು?

ಆಮೇಲೆ ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. 'ಅದು' ಹೌದು ಎಂದಾಯಿತು. ಒಂದು ವಾರ ಬಿಟ್ಟು ವಿವರವಾದ ರಿಪೋರ್ಟು ಬಂತು. ಡಾಕ್ಟರು ಕರೆಯುವವರೆಗೆ ತಡೆಯಲಾರದೆ ಕಾಯುವ ಸಾಲಿನಲ್ಲೇ ಲಕೋಟೆ ಬಿಚ್ಚಿದೆವು. ಎರಡು ಕಡೆ ಪಾಸಿಟಿವ್, ಒಂದು ಕಡೆ ನೆಗೆಟಿವ್ ಎಂದಿತ್ತು.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. "ಎರಡು ಪಾಸಿಟಿವ್ ಅದಾವು ನೋಡ. ಛಲೋ ಆತು" ಎಂದರು.

"ದವಾಖಾನಿಯೊಳಗ ಪಾಸಿಟಿವ್ ಅಂದ್ರ ಛಲೋ ಅಲ್ರಿ. ಕೊರೊನಾದಾಗಿಂದು ಮರತ್ರೇನು?" ಎಂದೆ.

"ಪಾಸಿಟಿವ್ ಅಂದ್ರ ಅಧಿಕ. ನೆಗೆಟಿವ್ ಅಂದ್ರ ಕಡಿಮಿ. ಮೂವತ್ತು ವರ್ಷದಿಂದ ಕಲಿಸಾಕತ್ತೀನಿ."

"ಅಧಿಕ ಆಗಿದ್ದಕ್ಕನ ಅಲ್ರೀ ಇಲ್ಲಿ ಬಂದು ಕುಂತೀವಿ?"

ನಮ್ಮ ದನಿ ಏರಿತು. ಮುಂದಿನ ಸಾಲಿನ ತೆಲುಗು ಹಿರಿಯರೊಬ್ಬರು ಹಿಂದೆ ತಿರುಗಿ ನನ್ನ ಪಕ್ಷ ವಹಿಸಿದರು. ಅವರ ಹೆಂಡತಿ, ಬಸುರಿನ ಟೆಸ್ಟಿನಲ್ಲಿ ಪಾಸಿಟಿವ್ ಬಂದರೆ ಪೇಡೆ ಹಂಚುವುದಿಲ್ಲವೇ ಎಂದು ನಮ್ಮ ಮನೆಯವರ ಪಕ್ಷಕ್ಕೆ ಹೋದರು. ಐದು ನಿಮಿಷದಲ್ಲಿ ಇಡೀ ಸಾಲು ಎರಡು ಹೋಳಾಗಿ ಮಾತಿಗಿಳಿದಿತ್ತು.

ಡಾಕ್ಟರು ರಿಪೋರ್ಟು ನೋಡಿ, "ಈ ಎರಡೂ ಹಾರ್ಮೋನಿನ ಪರೀಕ್ಷೆ, ಪಾಸಿಟಿವ್ ಇರುವುದು ಒಳ್ಳೆಯದೇ. ಆಪರೇಶನ್ ಆದ ಮೇಲೆ ಮಾತ್ರೆಗೆ ಬಗ್ಗುತ್ತದೆ" ಎಂದರು. ಮುಂದೆ ಅವರು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ. ಮೇಜಿನ ಕೆಳಗೆ ಇವರು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಅದೊಂದು ಮಾತ್ರ ಚೆನ್ನಾಗಿ ನೆನಪಿದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡರು. "ಇಪ್ಪತ್ನಾಕು ವರ್ಷದಾಗ ನಿನ್ನ ಜೋಡಿ ವಾದಾ ಮಾಡಿ ಒಮ್ಮೆಯೂ ಗೆದ್ದಿದ್ದಿಲ್ಲ ನಾ. ಗೆಲ್ಲಾಕ ಇಂಥಾ ವಿಷಯಾನ ಸಿಗಬೇಕೇನು?"

ಸಮಾಧಾನ

ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಇವರೇ ಫೋನ್ ಮಾಡಿ ಹೇಳಿದರು. ಮರುಗಳಿಗೆಗೆ ಅವಳ ಫೋನು ನನಗೆ ಬಂತು. ಹಲೋ ಎನ್ನುವುದರೊಳಗೆ ಅಳು. ನಾನು ಕುಕ್ಕರಿನ ಸೀಟಿ ಎಣಿಸುತ್ತ, "ಅಳಬ್ಯಾಡ, ಭಾಳ ಸಣ್ಣದೈತಂತ, ಎಲ್ಲಾ ಸರಿ ಹೊಕ್ಕೈತಿ" ಎಂದೆ. ಇನ್ನಷ್ಟು ಅತ್ತಳು. ಒಂದು ಲೋಟ ನೀರು ಕುಡಿ ಎಂದೆ, ಕುಡಿದಳು. ನೆಲದ ಮೇಲೆ ಕೂತು ಉಸಿರು ಎಳೆದುಕೋ ಎಂದೆ, ಅದನ್ನೂ ಮಾಡಿದಳು. ಅರ್ಧ ತಾಸು ಹೀಗೇ ನಡೆಯಿತು. ಕೊನೆಗೆ ಅವಳ ದನಿ ತಿಳಿಯಾಯಿತು.

"ನಿನ್ನ ಜೋಡಿ ಮಾತಾಡಿದ್ದಕ್ಕ ಎಷ್ಟ ಹಗುರಾತು ನೋಡಕ್ಕಾ. ನನಗ ಮತ್ತ ಹೆದರಿಕಿ ಆದ್ರ ನಿನಗ ಫೋನ್ ಹಚ್ಚತೀನಿ, ಏನೂ ಸಂಕೋಚ ಮಾಡ್ಕೊಳ್ಳಂಗಿಲ್ಲ" ಎಂದು ಧೈರ್ಯ ಕೊಟ್ಟು ಇಟ್ಟಳು.

ಹೊಸ ಸುದ್ದಿ

ರಜೆ ಕೇಳಲೇಬೇಕಿತ್ತು. ನಮ್ಮ ಮ್ಯಾನೇಜರು ಸಂಕೋಚದ ಮನುಷ್ಯ. "ಆಪರೇಶನ್ ಎಲ್ಲಿಗೆ?" ಎಂದು ಕೇಳಿದರು. ನಾನು ಕಣ್ಣು ಕೆಳಗೆ ಹಾಕಿ "ಎದೆಗೆ" ಎಂದೆ. ಅವರೂ ಕಣ್ಣು ಕೆಳಗೆ ಹಾಕಿ ಅರ್ಜಿಗೆ ಸಹಿ ಮಾಡಿದರು. ಮುಂದೆ ಕೇಳಲು ಅವರಿಗೆ ನಾಚಿಕೆ, ಹೇಳಲು ನನಗೆ.

ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಾರ್ಖಾನೆಗೆ ಸುದ್ದಿ ಹೋಯಿತು: ಮೇಡಂಗೆ ಹಾರ್ಟ್ ಪ್ರಾಬ್ಲಂ. ನಾನು ಎದ್ದರೆ ಕುರ್ಚಿ ತರುವವರು, ಕೂತರೆ ಫ್ಯಾನು ಹಾಕುವವರು. ಕ್ಯಾಂಟೀನಿನವಳು ನನ್ನ ತಟ್ಟೆಯಿಂದ ಮಿರ್ಚಿ ಬಜ್ಜಿ ಎತ್ತಿಕೊಂಡು ಸೌತೆಕಾಯಿ ಇಟ್ಟಳು. ಅಲ್ಲ, ಹಾರ್ಟ್ ಅಲ್ಲ ಎಂದು ಹೇಳಬಹುದಿತ್ತು. ಹಾಗಾದರೆ ಮತ್ತೇನು ಎಂದು ಕೇಳುತ್ತಾರಲ್ಲ! ಅದಕ್ಕೇ ಸುಮ್ಮನೆ ಸೌತೆಕಾಯಿ ತಿಂದೆ.

ಲೇಥ್ ಮೇಲೆ ಕೆಲಸ ಮಾಡುವ ಒಬ್ಬ ಹಿರಿಯ ಟರ್ನರ್ ಇದ್ದಾನೆ, ಹಳೇ ಶಹರದ ಉರ್ದು ಮಾತಿನವನು. ಇಪ್ಪತ್ತು ವರ್ಷದಲ್ಲಿ ಅವನು ಕಡೆದ ಎಷ್ಟು ಬುಶ್ಶುಗಳಿಗೆ, ಎಂದರೆ ಲೋಹದ ಬಳೆಗಳಿಗೆ, ನಾನು ಕೆಂಪು ಚೀಟಿ ಅಂಟಿಸಿದ್ದೇನೋ ಲೆಕ್ಕವಿಲ್ಲ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಟ್ಟವಳಲ್ಲ. ಸುದ್ದಿ ಅವನಿಗೂ ಹೋಯಿತು. ನಾನು ಕಂಬದ ಈಚೆ ಇದ್ದದ್ದು ಅವನಿಗೆ ಕಾಣಲಿಲ್ಲ. ಮಷೀನು ನಿಲ್ಲಿಸಿ, ನಿಜವಾದ ಆಶ್ಚರ್ಯದಿಂದ ಕೇಳಿದ:

"ಹಾರ್ಟ್ ಕಾ ಪ್ರಾಬ್ಲಂ? ಮೇಡಂ ಕು ಹಾರ್ಟ್ ಕಬ್ ಸೇ ಹೈ?"

ಮೇಡಂಗೆ ಹೃದಯ ಯಾವಾಗಿನಿಂದ! ಅವನ ಆ ದಿನದ ಬುಶ್ಶುಗಳನ್ನು ಎರಡೆರಡು ಸಲ ಅಳೆದೆ. ಒಂದರಲ್ಲೂ ತಪ್ಪು ಸಿಗಲಿಲ್ಲ.

ಅರಿಷಿಣದ ಬಟ್ಟಲು

ಇನ್ನು ಉಳಿದವರು ಅತ್ತೆ. ಬಾಗಲಕೋಟೆ ಕಡೆಯ ಊರು ಬಿಟ್ಟು ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಕಿವಿ ತುಸು ಮಂದ, ತೆಲುಗು ಪೂರಾ ಮಂದ. ಆದರೂ ಮನೆಗೆಲಸದ ತೆಲುಗು ಹೆಂಗಸಿನ ಜೊತೆ ದಿನಾ ಒಂದು ತಾಸು ಮಾತು. ಅವಳು ತೆಲುಗು, ಇವರು ಕನ್ನಡ. ಇಬ್ಬರಿಗೂ ಎಲ್ಲ ತಿಳಿಯುತ್ತದೆ ಎಂದು ಇಬ್ಬರ ನಂಬಿಕೆ.

ಆಪರೇಶನ್ನಿಗೆ ಹತ್ತು ಹನ್ನೆರಡು ದಿನ ಇರುವಾಗಿನಿಂದ ಅತ್ತೆಯ ನಡೆ ಬದಲಾಯಿತು. ಚಹಾ ಕೊಡಲು ಬಗ್ಗಿದರೆ ನನ್ನ ಮುಖವನ್ನೇ ನೋಡುವರು. ಮುಖವೆಂದರೆ ಕಣ್ಣಲ್ಲ, ಗದ್ದ. ದೇವರ ಕೋಣೆಯಲ್ಲಿ ಕೂರುವ ಹೊತ್ತೂ ಹೆಚ್ಚಾಯಿತು. ಅತ್ತೆಗೆ ಏನೋ ವಾಸನೆ ಬಡಿದಿದೆ ಎಂದುಕೊಂಡೆ. ಇವತ್ತು ಹೇಳಿಬಿಡೋಣ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುವುದು, ಬಾಯಿ ತೆರೆದು "ಉಪ್ಪಿಟ್ಟಿಗೆ ಉಪ್ಪು ಸರಿ ಐತೇನ್ರಿ?" ಎಂದು ಕೇಳಿ ವಾಪಸು ಬರುವುದು, ಇದೇ ಆಯಿತು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಿಗ್ಗೆ ಇವರು ಶಾಲೆಗೆ ಹೋದ ಮೇಲೆ ಅತ್ತೆ ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಮಂಚದ ಮೇಲೆ ಕೂರಿಸಿದರು. ಕೈಯಲ್ಲಿ ಒಂದು ಬಟ್ಟಲು. ಅದರಲ್ಲಿ ಅರಿಷಿಣ, ಕಡಲೆಹಿಟ್ಟು, ಹಾಲಿನ ಕೆನೆ ಕಲಸಿದ್ದರು. ನಾನು ಏನು ಎತ್ತ ಎಂದು ಕೇಳುವುದರೊಳಗೆ ನನ್ನ ಗದ್ದಕ್ಕೆ ಅದನ್ನು ಬಳಿಯತೊಡಗಿದರು.

"ನನ್ನ ಮುಂದ ಯಾಕ ಮುಚ್ಚಿಟ್ಟಿಯವಾ? ಹೆಣ್ಣಮಕ್ಕಳಿಗೆ ಐವತ್ತರ ಸನೇಕ್ಕ ಬರತಾವ. ನನಗೂ ನಾಕು ಬಂದಿದ್ದುವು. ಇಷ್ಟಕ್ಕ ಯಾರರೆ ಆಪರೇಶನ್ ಮಾಡಸ್ತಾರೇನು?"

"ಏನ್ ಬಂದಿದ್ದುವ್ರಿ ಅತ್ತಿ?"

"ಗಡ್ಡ!" ಎಂದರು ಅತ್ತೆ. "ಕೆಲಸದಾಕಿ ಎಲ್ಲಾ ಹೇಳ್ಯಾಳ ನನಗ. 'ಅಮ್ಮಕು ಗಡ್ಡ ವಚ್ಚಿಂದಂಟ, ಆಪರೇಶನ್ ಅಂಟ' ಅಂತ ಕಣ್ಣಾಗ ನೀರ ತಂದ್ಲು. ನನಗೂ ಚಿಂತಿ ಹತ್ತಿತು. ದಿನಾ ನೋಡತೀನಿ, ಒಂದು ಕೂದಲಾನೂ ಕಾಣವಲ್ದು. ಕದ್ದು ಬೋಳಿಸ್ಕೊಳ್ಳಾಕತ್ತೀಯೇನು?"

ತೆಲುಗಿನಲ್ಲಿ ವಚ್ಚಿಂದಂಟ ಎಂದರೆ ಬಂದಿದೆಯಂತೆ, ಗಡ್ಡ ಎಂದರೆ ಗಂಟು. ನಮ್ಮ ಮನೆಯವರು ಆಸ್ಪತ್ರೆಯವರ ಜೊತೆ ಫೋನಿನಲ್ಲಿ ತೆಲುಗಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡ ಆ ಪುಣ್ಯಾತ್ಗಿತ್ತಿ ಅತ್ತೆಗೆ ಇದ್ದದ್ದು ಇದ್ದಹಾಗೆ ತಿಳಿಸಿದ್ದಾಳೆ. ಅತ್ತೆ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಿದ್ದಾರೆ.

ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಅರಿಷಿಣ ಮೆತ್ತಿದ ಗದ್ದ ಎತ್ತಿ, ಮಂಚ ಅಲುಗಾಡುವ ಹಾಗೆ ನಕ್ಕೆ. ನಗುತ್ತಾ ನಗುತ್ತಾ ಯಾವಾಗ ಅಳು ಶುರುವಾಯಿತೋ ತಿಳಿಯಲಿಲ್ಲ. ಅಷ್ಟು ವಾರದಲ್ಲಿ ನಾನು ಒಂದು ಹನಿ ಅತ್ತಿರಲಿಲ್ಲ. ಅದೆಲ್ಲ ಆಗಲೇ ಬಂತು.

"ಗಡ್ಡ ಅಲ್ರಿ ಅತ್ತಿ. ಗಂಟು. ಎದ್ಯಾಗ. ನಾಳಿಗೆ ತಗೀತಾರ" ಎಂದೆ.

ಅತ್ತೆಯ ಕೈ ನಿಂತಿತು. ಬಟ್ಟಲು ಕೆಳಗಿಟ್ಟರು. ನನ್ನ ಗದ್ದವನ್ನು ತಮ್ಮ ಸೆರಗಿನಿಂದ ಮೆಲ್ಲಗೆ ಒರೆಸಿದರು. ತಡೆದುಕೊಳ್ಳುವುದಿಲ್ಲ ಎಂದು ಮಗ ಹೇಳಿದ್ದ ಆ ಹೆಂಗಸು ನನ್ನ ತಲೆಯನ್ನು ಎಳೆದು ತಮ್ಮ ಎದೆಗೆ ಒತ್ತಿಕೊಂಡು ಬೆನ್ನು ಸವರುತ್ತ ಬಹಳ ಹೊತ್ತು ಕೂತರು. ಆಮೇಲೆ ಒಮ್ಮೆಲೇ ಹಣೆ ಚಚ್ಚಿಕೊಂಡರು.

"ಅಯ್ಯ ನನ ಕರ್ಮವೇ! ಹನ್ನೊಂದು ದಿನಾ ಆತು, ಮುಂಜಾನೆ ಸಂಜೀಕ ಹನುಮಪ್ಪನ ಮುಂದ ಕುಂತು 'ನನ ಸೊಸಿ ಗಡ್ಡ ಉದರಿಸಪಾ' ಅಂತ ಬೇಡ್ಕೊಳ್ಳಾಕತ್ತೀನಿ. ಅಂವ ಏನ್ ತಿಳಕೊಂಡಾನ!"

ಎಪ್ಪತ್ತೆಂಟರ ಮಂಡಿ ಹಿಡಿದುಕೊಂಡು ದಡಬಡ ಎದ್ದು ದೇವರ ಕೋಣೆಗೆ ನಡೆದರು. ಗಂಟೆ ಬಾರಿಸಿದ ಸಪ್ಪಳ, ಹಿಂದೆಯೇ ಅವರ ದನಿ: "ಹನುಮಪ್ಪಾ, ತಪ್ಪಾತಪಾ. ಗಡ್ಡ ಅಲ್ಲ, ಗಂಟು. ಗಡ್ಡದ ಮಾತು ಬಿಟ್ಟಬಿಡು." ಆಮೇಲೆ ನನ್ನ ಕಡೆಗೆ: "ಎಡಕ್ಕೋ ಬಲಕ್ಕೋ?"

"ಎಡಕ್ಕರಿ" ಎಂದೆ.

"ಆಂ?"

"ಎಡಕ್ಕ!"

"ಎಂಥಾ ಗಂಟು ಅಂತ ಹೇಳಲಿ? ಅದರ ಹೆಸರೇನು? ಈ ಸಲ ಮತ್ತ ತಪ್ಪಬಾರದು!"

ಅವರ ಮಂದ ಕಿವಿಗೆ ಮುಟ್ಟಲಿ ಎಂದು ಉಸಿರು ತುಂಬಿಕೊಂಡು, ಇಡೀ ಅಪಾರ್ಟ್‌ಮೆಂಟಿಗೆ ಕೇಳುವ ಹಾಗೆ ಕೂಗಿದೆ:

"ಕ್ಯಾನ್ಸರ್‌ರೀ ಅತ್ತಿ! ಕ್ಯಾನ್ಸರ್!"

ದೇವರ ಕೋಣೆಯಿಂದ ಅತ್ತೆ ಗದರಿದರು:

"ಮೆಲ್ಲಕ ಹೇಳ! ಹನುಮಪ್ಪ ಏನ್ ಕಿವುಡ ಅದಾನೇನು?"