ಧಣಿಯ ಅಳತೆಯ ಸೀಟು

ಮೊದೆನಾದಿಂದ ಬೊಲೊನ್ಯಾಕ್ಕೆ ಹೋಗಿ ಬರುವಷ್ಟರಲ್ಲಿ ಕಾರು ಕಾರ್ಖಾನೆಯ ಬೊನ್ವಿಚಿನಿ ಧಣಿಯ ಸೊಂಟ ಹಿಡಿದುಕೊಂಡಿತು. ತಪ್ಪು ಹೊಸ ಕಾರಿನ ಸೀಟಿನದು. ಮಿಲಾನಿನಲ್ಲಿ ಹತ್ತಿದವರು ರೋಮಿನಲ್ಲಿ ನಗುತ್ತ ಇಳಿಯಬೇಕೆಂದು ಕಟ್ಟುತ್ತಿದ್ದ ಕಾರು ಅದು. ಅದರ ಮೂತಿ ಎಷ್ಟು ಸಲ ಬದಲಾಗಿತ್ತೋ, ಎಂಜಿನ್ ಎಷ್ಟು ಸಲ ಹಿಂದೆ ಮುಂದೆ ಸರಿದಿತ್ತೋ, ಲೆಕ್ಕವಿಟ್ಟವರಿಲ್ಲ.

ಈಗ, ಕುಳಿತವನ ಮೈಯ ಅಚ್ಚನ್ನೇ ಪ್ಲಾಸ್ಟರಿನಲ್ಲಿ ತೆಗೆದು ಸೀಟು ಮಾಡಿ ಎಂದು ಅಪ್ಪಣೆಯಾಯಿತು. ಹಸಿ ಪ್ಲಾಸ್ಟರಿನಲ್ಲಿ ಧಣಿ ಕೂರುತ್ತಾರೆಯೇ? ಕಾರ್ಖಾನೆಯ ಕಣ್ಣುಗಳೆಲ್ಲ ಕಾರಿನ ಮರದ ಮಾದರಿ ಕೆತ್ತುವ ಬಡಗಿ ಲಿಯಾರ್ಕೊನ ಹಿಂಭಾಗದ ಮೇಲೆ ಬಿದ್ದವು. ಅವನ ಅಳತೆಗೂ ಧಣಿಯ ಅಳತೆಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಅಂದೇ ಆಗಬೇಕಿತ್ತೆ? ಸಂಜೆ ಒರ್ನೆಲ್ಲಳನ್ನು ಮದುವೆಗೆ ಕೇಳಲು ಅವಳ ಮನೆಗೆ ಹೋಗುವುದೆಂದು ಅವನು ಇದ್ದೊಂದು ಒಳ್ಳೆಯ ಪ್ಯಾಂಟು ಹಾಕಿಕೊಂಡು ಬಂದಿದ್ದ. ಅವಳಪ್ಪ ಎಜಿದಿಯೊ ಇದೇ ಕಾರ್ಖಾನೆಯಲ್ಲಿ ಸೀಟಿಗೆ ಚರ್ಮ ಹೊಲಿಯುವ ಮೇಸ್ತ್ರಿ. ಅವನೆದುರು ಮಾನವಾಗಿ ನಿಂತು ಮಾತಾಡಬೇಕು, ಅಷ್ಟೇ ಲಿಯಾರ್ಕೊನ ಆಸೆ.

ಪ್ಲಾಸ್ಟರಿನ ಮೇಲೆ ಮೇಣಬಟ್ಟೆ ಹಾಸಿ ಅವನನ್ನು ಕೂರಿಸಿದರು. ಬೆನ್ನು ನೆಟ್ಟಗಿರಲಿ ಎಂದ ಒಬ್ಬ, ಗೇರು ಹಾಕುವ ಹಾಗೆ ಕೈ ಚಾಚು ಎಂದ ಇನ್ನೊಬ್ಬ. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯೇರುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ. ಬಾಣಲೆಗೆ ಬಿದ್ದ ಬೋಂಡಾದಂತೆ ಅವನು ಹೊರಳಾಡಿದ. ಮೇಣಬಟ್ಟೆ ಜಾರಿತು.

"ಸಾಕು, ಏಳಪ್ಪ," ಎಂದ ಎಜಿದಿಯೊ.

"ನಾನೇನೋ ಏಳ್ತೀನಿ ಮೇಸ್ತ್ರಿ. ಪ್ಯಾಂಟು ಏಳ್ತಾ ಇಲ್ಲ."

ಕಾರ್ಖಾನೆಯ ಅಡುಗೆಮನೆಯಿಂದ ಅಡುಗೆಯ ಚೆಸಿರಾ ಕತ್ತರಿ ತಂದಳು. ಲಿಯಾರ್ಕೊ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವನ ಸೊಂಟಕ್ಕೆ ಟೊಮೆಟೊ ಕಲೆಯ ಮೇಜುಬಟ್ಟೆ ಸುತ್ತಿತ್ತು. ಪ್ಯಾಂಟಿನ ಹಿಂಭಾಗ ಅಚ್ಚಿನಲ್ಲೇ ಉಳಿದಿತ್ತು.

"ಎಷ್ಟೋ ಊಟ ನೋಡಿದ ಬಟ್ಟೆ ಇದು, ನಾಚ್ಕೊಂಡಿದ್ದು ಇವತ್ತೇ," ಎಂದಳು ಚೆಸಿರಾ.

ಧಣಿ ಬಂದು ಅಚ್ಚಿನಲ್ಲಿ ಕೂತರು. ಮುಖ ಅರಳಿತು. "ಸ್ವರ್ಗ ಕಣಯ್ಯಾ. ಆದ್ರೆ ಎಡಗಡೆ ಏನೋ ಒತ್ತುತ್ತೆ."

ಎಜಿದಿಯೊ ಅಂಟಿಕೊಂಡಿದ್ದ ಜೇಬನ್ನು ಕೆರೆದು ಪುಟ್ಟ ಡಬ್ಬಿಯೊಂದನ್ನು ಎಬ್ಬಿಸಿದ. ಒಳಗೆ ಉಂಗುರ. ಅವನು ಲಿಯಾರ್ಕೊನ ಕಡೆ ತಿರುಗಿದ.

"ಯಾರಿಗಯ್ಯಾ ಇದು?"

ಲಿಯಾರ್ಕೊ ಮೇಜುಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡಿದ. ಕಿವಿಯವರೆಗೂ ಕೆಂಪಾಗಿದ್ದ. "ನಿಮ್ಮ ಒರ್ನೆಲ್ಲಂಗೆ."

ಎಜಿದಿಯೊ ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದ. "ಬಚ್ಚಿಡೋದಕ್ಕೆ ನಿನ್ನ ಹತ್ರ ಇನ್ನೇನೂ ಉಳಿದಿಲ್ಲ. ಒಪ್ಪಿದೆ."

ಲಿಯಾರ್ಕೊನ ಎದೆ ಹಗುರಾಯಿತು. ಧಣಿಯ ಹುಬ್ಬು ಮಾತ್ರ ಗಂಟಾಯಿತು. ಈ ಸೀಟಿಗಾಗಿ ಅವನನ್ನು ಇನ್ನೂ ಎಷ್ಟು ಸಲ ಕೂರಿಸಿ ನೋಡಬೇಕೋ. ಮದುವೆಯಾಗಿ ಹುಡುಗ ಊದಿಕೊಂಡರೆ ಗತಿಯೇನು ಎಂದರು.

ಎಜಿದಿಯೊ ಬಹಳ ಹೊತ್ತು ಯೋಚಿಸಲಿಲ್ಲ. ಅವನು ಅಪ್ಪನಾಗುವುದಕ್ಕೆ ಮುಂಚೆ ಮೇಸ್ತ್ರಿಯಾಗಿದ್ದವನು. "ಅದೂ ಸರೀನೇ ಧಣಿ. ಮಗಳ ಕೈ ಅಡುಗೆ ನನಗೆ ಗೊತ್ತು. ಕಾರು ಮುಗಿದ ಮಾರನೇ ದಿನವೇ ಮದುವೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಟು ಬಿಡಲಾಗದೆ ಲಿಯಾರ್ಕೊ ಒಬ್ಬನೇ ತಟ್ಟಲಿಲ್ಲ. ಹಿಂದಿನ ಕಾರಿನ ಕೆಲಸ ಶುರುವಾದಾಗ ಅವನಿಗಿನ್ನೂ ಮೀಸೆ ಚಿಗುರಿರಲಿಲ್ಲ. ಆ ಕಾರು ಮುಗಿದು ಕಾರ್ಖಾನೆಯ ಬಾಗಿಲು ದಾಟುವಾಗ ಅವನ ನೆತ್ತಿಯ ಕೂದಲು ಉದುರತೊಡಗಿತ್ತು.